ಕೆಂಪು ಗುರುತಿಲ್ಲದ ಸೂಜಿ

ಆ ಸೂಜಿ ನನ್ನದು. ರೇಣವ್ವನ ಅಂಗೈಗೆ ಚುಚ್ಚಿದ ಸೂಜಿ ಸುವರ್ಣಾಳದಲ್ಲ, ನನ್ನದು. ಚುಚ್ಚಿದ ಗಳಿಗೆಯಲ್ಲೇ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಎಂದರೂ ಸುಳ್ಳಾಗುತ್ತದೆ. ಸುಮ್ಮನಿದ್ದಿದ್ದರೆ ಪಾಪ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಬಾಯಿ ತೆರೆದೆ, ಇನ್ನೊಬ್ಬಳ ಕಡೆಗೆ ಬೆರಳು ಮಾಡಿದೆ.

ನನ್ನ ಹೆಸರು ಶಕುಂತಲಾ. ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಮ್ಮ ಓಣಿಯಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ನಾನು ‘ಅಕ್ಕೋರು’. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಮಗಳು ವೀಣಾ — ಇಬ್ಬರೇ. ಕೈಯಲ್ಲಿ ಕೆಲಸವಿಲ್ಲದೆ ಹೊತ್ತು ಹೋಗುತ್ತಿರಲಿಲ್ಲ. ಆಗ ಓಣಿಯ ಕೆಲವರನ್ನು ಕೂಡಿಸಿ ಒಂದು ಸಮಿತಿ ಮಾಡಿದೆ. ಅದಕ್ಕೆ ನಾವು ಇಟ್ಟ ಹೆಸರು ಉದ್ದವಾಗಿತ್ತು. ಜನ ‘ಕಸದ ಕಮಿಟಿ’ ಎಂದರು, ಅದೇ ಉಳಿಯಿತು.

ಕೆಲಸ ಒಳ್ಳೆಯದೇ. ಈಗಲೂ ಅದನ್ನು ಕೆಟ್ಟದ್ದೆನ್ನಲಾರೆ. ಹಸಿ ಕಸ ಉದ್ಯಾನದ ಗುಂಡಿಗೆ ಹೋಗಿ ಬೇವಿನ ಎಲೆಯ ಜೊತೆ ಕೊಳೆತು ಗೊಬ್ಬರವಾಗುತ್ತಿತ್ತು. ಒಣ ಕಸವನ್ನು ಉದ್ಯಾನದ ಪಕ್ಕದ ತಗಡಿನ ಶೆಡ್ಡಿನಲ್ಲಿ ಶನಿವಾರ ಶನಿವಾರ ಬೇರೆ ಮಾಡಿ ರದ್ದಿಯವರಿಗೆ ಹಾಕುತ್ತಿದ್ದೆವು. ಹಳೆ ಸೀರೆಯ ಚೀಲ ಹೊಲಿಸಿ ಜಗತ್ ವೃತ್ತದ ಅಂಗಡಿಗಳಿಗೆ ಹಂಚಿದೆವು. ಮದುವೆ, ತೊಟ್ಟಿಲ ಕಾರ್ಯಕ್ಕೆಂದು ಸ್ಟೀಲಿನ ತಾಟು-ಲೋಟ ಕೂಡಿಸಿಟ್ಟೆವು. ಬೇಕಾದವರು ಒಯ್ದು ತೊಳೆದು ತಂದಿಡಬೇಕು, ಪ್ಲಾಸ್ಟಿಕ್ ತರಬಾರದು. ಪತ್ರಿಕೆಯಲ್ಲಿ ನಮ್ಮ ಫೋಟೋ ಬಂತು. ಹಾರ ಬಂತು. ಅದರ ಹಿಂದೆಯೇ ನನ್ನೊಳಗೆ ಒಂದು ಗತ್ತೂ ಬಂದು ಕೂತಿತು.

ಕಸ ಬೇರೆ ಮಾಡದವರ ಚೀಲವನ್ನು ಅವರ ಹೊಸ್ತಿಲ ಮುಂದೆಯೇ ಸುರಿಯುವ ಪದ್ಧತಿ ತಂದವಳು ನಾನು. ಒಮ್ಮೆ, ಹೊಸದಾಗಿ ಗಂಡನ ಮನೆಗೆ ಬಂದ ಒಬ್ಬ ಸೊಸೆಯ ಮನೆ ಮುಂದೆ ಹಾಗೆ ಸುರಿದೆ. ಆ ಹುಡುಗಿ ಅಳುತ್ತ ಕೈಯಿಂದ ಬಳಿದಳು. ಕೊನೆಯ ಉಳ್ಳಾಗಡ್ಡಿ ಸಿಪ್ಪೆ ಎತ್ತುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಸುತ್ತಲಿನವರು ನಕ್ಕರು. ನನಗೆ ಹಿತವೆನಿಸಿತು — ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವೆನಿಸಿದ್ದು ನಿಜ.

ಇನ್ನೊಂದು ನಿಯಮವೂ ನನ್ನದೇ. ಸೂಜಿ, ಬ್ಲೇಡು, ಒಡೆದ ಗಾಜು — ಇವನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಕಸದ ಗಾಡಿಯವರ ಕೈಗೆ ಬೇರೆಯಾಗಿಯೇ ಕೊಡಬೇಕು. ಮನೆ ಮನೆಗೆ ಹೋಗಿ ಇದನ್ನು ಪಾಠದಂತೆ ಹೇಳಿ ಬಂದಿದ್ದೆ.

ನನಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆಗೆ ಬಗ್ಗದೆ ಇನ್ಸುಲಿನ್‌ಗೆ ಬಂದಿತ್ತು. ಅದನ್ನು ಮಗಳೊಬ್ಬಳಿಗೆ ಬಿಟ್ಟರೆ ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ವೀಣಾಳಿಗೆ ಗಂಡು ನೋಡುತ್ತಿದ್ದ ಕಾಲ. ಮೊದಲೊಂದು ಸಂಬಂಧ ಮಾತಿಗೆ ಬಂದು ತಪ್ಪಿಹೋಗಿತ್ತು. ‘ತಾಯಿಗಿದ್ದರೆ ಮಗಳಿಗೂ ಬರ್ತದ’ ಎಂದು ಗಂಡಿನ ಕಡೆಯವರು ಯಾರ ಮುಂದೋ ಅಂದರಂತೆ. ಅಂದರೋ ಇಲ್ಲವೋ — ನಾನು ನಂಬಿದೆ. ಅದಲ್ಲದೆ ಸಮಿತಿಯ ಹೆಂಗಸರ ಮುಂದೆ, ‘ಜೋಳದ ರೊಟ್ಟಿ ಉಂಡು ನಡೀರಿ, ನನ್ನ ನೋಡ್ರಿ, ಒಂದು ಬ್ಯಾನಿ ಇಲ್ಲ’ ಎಂದು ಎದೆ ಉಬ್ಬಿಸಿ ಹೇಳಿಕೊಂಡು ತಿರುಗಿದವಳು. ಆ ಎದೆ ಇಳಿಸುವುದು ಹೇಗೆ?

ನನಗೆ ಸೂಜಿ ಹಾಕಿಕೊಳ್ಳುವುದನ್ನು ಕಲಿಸಿದವಳು ಸುವರ್ಣಾ. ಕಮಲಾಪುರದ ಹುಡುಗಿ. ನಮ್ಮ ಸಾಲಿನಲ್ಲೇ ಶರಣಪ್ಪನವರ ಮಾಳಿಗೆಯ ಮೇಲೆ ಒಂದು ಕೋಣೆ ಹಿಡಿದು, ಊರೊಳಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಊರಲ್ಲಿ ಕಾಲು ಬಿದ್ದುಹೋಗಿ ಹಾಸಿಗೆ ಹಿಡಿದ ತಾಯಿ ಇದ್ದಳು, ಸುವರ್ಣಾ ಮದುವೆ ಮಾಡಿಕೊಂಡಿರಲಿಲ್ಲ. ಒಂದು ಸಂಜೆ ನಾನೇ ಅವಳ ಕೋಣೆಗೆ ಹೋಗಿ, ಬಾಗಿಲು ಮುಂದಕ್ಕೆ ಮಾಡಿ, ವಿಷಯ ಹೇಳಿದೆ. ಅವಳು ನನ್ನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು. ನನ್ನ ಕೈ ನಡುಗಿದರೆ ನಕ್ಕಳು. ‘ಸಾಲ್ಯಾಗ ಹುಡುಗರಿಗಿ ಹೊಡಿಯೋ ಮುಂದ ನಡುಗ್ತಿದ್ದಿಲ್ಲೇನ್ರಿ ಅಕ್ಕೋರೆ?’ ಎಂದಳು.

ಹೊರಡುವಾಗ ನಾನು, ‘ಯಾರ ಮುಂದೂ ಅನಬ್ಯಾಡವ್ವ. ವೀಣಾನ ಮದುವಿ ತನಕ’ ಎಂದೆ.

‘ನಿಮ್ಮಾಣಿ ಅನ್ನಂಗಿಲ್ಲರಿ’ ಎಂದಳು.

ಅವಳ ಆ ಆಣೆಯನ್ನೇ ಮುಂದೆ ನಾನು ಅವಳ ಕೊರಳಿಗೆ ಉರುಲಾಗಿ ಹಾಕಿದೆ.

ಬಳಸಿದ ಸೂಜಿಗಳನ್ನು ಏನು ಮಾಡುವುದು? ಕೆಂಪು ಗುರುತು ಹಾಕಿ ಕೊಟ್ಟರೆ ಓಣಿಗೆಲ್ಲ ಗೊತ್ತಾಗುತ್ತದೆ. ಮೊದಮೊದಲು ಸುವರ್ಣಾ ತಾನೇ ಆಸ್ಪತ್ರೆಗೆ ಒಯ್ದು ಹಾಕುತ್ತಿದ್ದಳು. ಆಮೇಲೆ ಅವಳಿಗೆ ಕೊಡುವುದಕ್ಕೂ ನನಗೆ ಸಣ್ಣತನವೆನಿಸಿತು. ಅವಳ ಋಣ ಬೆಳೆಯುತ್ತದೆ ಎನ್ನಿಸಿತು. ಒಂದು ಶನಿವಾರ ಬೆಳಗ್ಗೆ, ಯಾರೂ ಬರುವ ಮುನ್ನ, ಸೋಪಿನ ಪುಡಿಯ ಖಾಲಿ ಪಾಕೀಟಿನಲ್ಲಿ ಸೂಜಿಗಳನ್ನು ತುರುಕಿ ಶೆಡ್ಡಿನ ದೊಡ್ಡ ಚೀಲದ ತಳಕ್ಕೆ ಹಾಕಿ ಬಂದೆ. ಸೂಜಿಗಳಿಗೆ ಮುಚ್ಚಳ ಕೂಡ ಹಾಕಿರಲಿಲ್ಲ. ಶೆಡ್ಡಿನ ಬೀಗದ ಕೈ ಇದ್ದದ್ದು ನನ್ನ ಹತ್ತಿರ.

ರೇಣವ್ವ ಕಸದ ಗಾಡಿಯ ಜೊತೆ ಬರುವವಳು. ಶನಿವಾರ ಗಾಡಿ ಮುಗಿಸಿಕೊಂಡು ನಮ್ಮ ಶೆಡ್ಡಿಗೂ ಬಂದು ಪ್ಲಾಸ್ಟಿಕ್ ಬೇರೆ ಮಾಡಿಕೊಡುತ್ತಿದ್ದಳು. ಆಗ ಅವಳಿಗೆ ಎದೆಹಾಲು ಕುಡಿಯುವ ಹೆಣ್ಣುಮಗು. ಭಾಗ್ಯಾ ಎಂದು ಹೆಸರು. ಮಗುವನ್ನು ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದಳು. ಕೈಗವಸು? ತಂದಿದ್ದೆವು. ಉದ್ಘಾಟನೆಯ ದಿನ ಅವಳ ಕೈಗೆ ತೊಡಿಸಿ ಫೋಟೋ ತೆಗೆಸಿದೆವು. ಆಮೇಲೆ ಹೊಲಸಾಗುತ್ತವೆಂದು, ಮುಂದಿನ ಕಾರ್ಯಕ್ರಮಕ್ಕೆ ಬೇಕೆಂದು, ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಇನ್ನೊಂದನ್ನೂ ಹೇಳಿಬಿಡಬೇಕು. ಊರಿಗೆಲ್ಲ ಸ್ಟೀಲಿನ ಲೋಟ ಹಂಚುತ್ತಿದ್ದ ನಾವು ರೇಣವ್ವನಿಗೆ ಮಾತ್ರ ಚಹಾ ಕೊಡುತ್ತಿದ್ದದ್ದು ಕುಡಿದು ಬಿಸಾಡುವ ಕಪ್ಪಿನಲ್ಲಿ. ಆಕೆ ಅದನ್ನೆಂದೂ ಬಾಯಿಬಿಟ್ಟು ಕೇಳಲಿಲ್ಲ. ನಾವೂ ನಮ್ಮನ್ನು ಕೇಳಿಕೊಳ್ಳಲಿಲ್ಲ.

ಅಂದು ಅವಳು ಚೀಲದೊಳಗೆ ಕೈ ಹಾಕಿ ಅದುಮಿದಳು. ‘ಯಪ್ಪಾ!’ ಎಂದು ಕೈ ಹೊರಗೆಳೆದಾಗ ಸೂಜಿ ಅಂಗೈಯಲ್ಲೇ ನೆಟ್ಟಿತ್ತು. ರಕ್ತ ಹೆಚ್ಚೇನೂ ಬರಲಿಲ್ಲ, ಒಂದು ಹನಿ. ಅದನ್ನು ನೋಡಿದ್ದೇ ಶರಣಪ್ಪನವರು, ‘ಸೂಜಿಯಿಂದ ಆ ದೊಡ್ಡ ರೋಗ, ಏಡ್ಸ್ ಬರ್ತದ್ರಿ’ ಎಂದುಬಿಟ್ಟರು. ಶರಣಪ್ಪನವರು ಸಮಿತಿಯ ಕಾರ್ಯದರ್ಶಿ. ಕೆಟ್ಟವರಲ್ಲ, ನಾಲಿಗೆಗೆ ಬಂದದ್ದನ್ನು ಆಡುವವರು. ಶೆಡ್ಡಿನಲ್ಲಿದ್ದವರು ರೇಣವ್ವನಿಂದ ಒಂದು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ. ನನ್ನದೇ ಸೂಜಿ ಎಂದು ಗೊತ್ತಿದ್ದ ನಾನೂ!

ಅದೇ ಹೊತ್ತಿಗೆ ಸುವರ್ಣಾ ರಾತ್ರಿ ಪಾಳಿ ಮುಗಿಸಿ ಆ ದಾರಿಯಲ್ಲಿ ಬಂದಳು. ಗಲಾಟೆ ಕೇಳಿ ಒಳಗೆ ಓಡಿಬಂದು ರೇಣವ್ವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತೊಳೆದಳು. ಚೀಲದಿಂದ ನೆಲಕ್ಕೆ ಚೆಲ್ಲಿದ್ದ ಸೂಜಿಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಆ ನೋಟದಲ್ಲಿ ಆರೋಪವಿರಲಿಲ್ಲ. ನೀವೇ ಹೇಳುತ್ತೀರಿ ಎಂಬ ನಂಬಿಕೆಯಿತ್ತು. ಅದೇ ನನ್ನನ್ನು ಹೆದರಿಸಿತು. ಇವಳು ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ಅವಳಿಗಿಂತ ಮುಂಚೆ ಬಾಯಿ ತೆರೆದೆ.

‘ಸುವರ್ಣಾ, ಈ ಓಣ್ಯಾಗ ಸೂಜಿ ಇರೋ ಮನಿ ಯಾವುದವ್ವ? ನೀ ಒಬ್ಬಾಕೀನೇ ಅಲ್ಲೇನು ನರ್ಸು?’

ಇಷ್ಟೇ ಮಾತು. ಎಲ್ಲರ ಮುಖ ಅವಳ ಕಡೆ ತಿರುಗಿತು. ಅವಳ ಕೈಯಲ್ಲಿ ಇನ್ನೂ ಸೋಪಿನ ನೊರೆ. ‘ನಿಮ್ಮಾಣಿ’ ಎಂದು ನನಗೆ ಕೊಟ್ಟ ಮಾತು ಅವಳ ಗಂಟಲಲ್ಲಿ ಹೇಗೆ ಅಡ್ಡ ನಿಂತಿತೋ — ನನ್ನ ಕಣ್ಣಿಗೇ ಕಂಡಿತು. ಕಂಡೂ ಬಿಡಲಿಲ್ಲ. ‘ನೋಡ್ರಿ, ಮಾತೇ ಆಡವಲ್ಲಳು’ ಎಂದೆ.

ರೇಣವ್ವನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದವಳೂ ಸುವರ್ಣಾಳೇ. ಸೂಜಿ ಯಾರದೆಂದು ಗೊತ್ತಾದರೆ, ಅವರ ರಕ್ತ ಪರೀಕ್ಷೆ ಮಾಡಿದರೆ, ಇಷ್ಟೆಲ್ಲ ಔಷಧ ಬೇಕಿಲ್ಲದೆಯೂ ಹೋಗಬಹುದು ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಯಾರದೆಂದು ಹೇಳುವವರು ಇರಲಿಲ್ಲ. ಔಷಧ ಶುರುವಾಯಿತು. ಪರೀಕ್ಷೆಗಳು ಮುಗಿಯುವ ತನಕ ಮಗುವಿಗೆ ಎದೆಹಾಲು ಬೇಡ ಎಂದರು.

ಅದಕ್ಕೆ ಕೆಲವೇ ದಿನಗಳ ಹಿಂದೆ ನನ್ನ ಕಣ್ಣಿನ ಪೊರೆ ತೆಗೆಸಿದ್ದೆ. ಆಗ ರಕ್ತವನ್ನೆಲ್ಲ ಪರೀಕ್ಷೆ ಮಾಡಿದ್ದರು. ಸಕ್ಕರೆಯೊಂದು ಬಿಟ್ಟರೆ ಯಾವ ರೋಗವೂ ಇರಲಿಲ್ಲ. ಅಂದರೆ — ರೇಣವ್ವನಿಗೆ ಏನೂ ಆಗುವುದಿಲ್ಲವೆಂದು ಈ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಒಂದು ಮಾತು ಸಾಕಿತ್ತು. ಅವಳ ಕಿವಿಯಲ್ಲಿ ಹೇಳಿದ್ದರೂ ಸಾಕಿತ್ತು.

ಎರಡು ದಿನ ಬಿಟ್ಟು ಸುವರ್ಣಾ ನಮ್ಮ ಮನೆಗೆ ಬಂದಳು. ನಾನು ಒಳಗೆ ಕರೆಯಲಿಲ್ಲ.

‘ಅಕ್ಕೋರೆ, ನಾ ಹೇಳಂಗಿಲ್ಲರಿ. ಆಣಿ ಇಟ್ಟೀನಿ. ನೀವೇ ಹೇಳ್ರಿ’ ಎಂದಳು. ‘ಆಕಿ ಕೂಸಿಗಿ ಹಾಲು ಬಿಡಿಸ್ಯಾಳ. ಎದಿ ಕಲ್ಲಾಗ್ಯಾವ. ಹಿಂಡಿ ಹಿಂಡಿ ಮೋರಿಗಿ ಚೆಲ್ಲಲಾಕತ್ತಾಳ್ರಿ.’

‘ಏನ್ ಹೇಳಬೇಕು?’

‘ಸೂಜಿ ನಿಮ್ಮವು ಅಂತ.’

‘ಯಾವ ಸೂಜಿ?’ ಎಂದೆ. ‘ನೀ ನನಗೇನೂ ಕಲಿಸಿಲ್ಲ. ನಾ ನಿನ್ನ ಕೋಣಿಗಿ ಬಂದಿಲ್ಲ. ಇನ್ನೊಮ್ಮೆ ಈ ಹೊಸ್ತಿಲಕ್ಕ ಬಂದು ಇಂಥಾ ಮಾತು ಆಡಿದಿ ಅಂದ್ರ, ನೋಡು.’

ಅಷ್ಟರಲ್ಲಿ ವೀಣಾ ಒಳಗಿನಿಂದ ಬಂದು ನಿಂತಳು. ಸುವರ್ಣಾ ಅವಳನ್ನು ನೋಡಿ ಮುಂದೇನೂ ಅನ್ನದೆ ಮೆಟ್ಟಿಲಿಳಿದು ಹೋದಳು. ನನ್ನ ಮಗಳ ಮುಂದೆಯೂ ಅವಳು ಮಾತು ಮುರಿಯಲಿಲ್ಲ. ವೀಣಾ, ‘ಅವ್ವಾ, ಅವು ನಮ್ಮವಲ್ಲ ಹೌದಿಲ್ಲೋ?’ ಎಂದು ಕೇಳಿದಳು. ‘ಅಲ್ಲ’ ಎಂದೆ. ಅವಳು ನಂಬಿದಳೋ, ನಂಬಿದಂತೆ ಇದ್ದಳೋ — ನಾನು ಕೆದಕಲಿಲ್ಲ.

ಇಲ್ಲಿಗೆ ಬಿಟ್ಟಿದ್ದರೂ ನಾನು ಮನುಷ್ಯಳೆನ್ನಿಸಿಕೊಳ್ಳುತ್ತಿದ್ದೆನೇನೋ. ಬಿಡಲಿಲ್ಲ. ಹತ್ತಿರವಿದ್ದರೆ ಸುವರ್ಣಾ ಎಂದಾದರೊಂದು ದಿನ ಬಾಯಿಬಿಟ್ಟಾಳು ಎಂಬ ಹೆದರಿಕೆ ನನ್ನನ್ನು ತಿನ್ನತೊಡಗಿತು. ಸಮಿತಿಯ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಅವಳ ಆಸ್ಪತ್ರೆಗೆ ಹೋದೆ. ಅಲ್ಲಿಯ ಡಾಕ್ಟರ ಮುಂದೆ ಕೂತು, ಶುದ್ಧವಾದ ಭಾಷೆಯಲ್ಲಿ, ನಿಮ್ಮ ನರ್ಸು ಬಳಸಿದ ಸೂಜಿಗಳನ್ನು ಮನೆಗೆ ತಂದು ಜನರ ಕಸದಲ್ಲಿ ಹಾಕುತ್ತಾಳೆ, ಒಬ್ಬ ಬಡ ಬಾಣಂತಿಯ ಜೀವದ ಜೊತೆ ಆಡಿದ್ದಾಳೆ ಎಂದೆ. ಬಡ ಬಾಣಂತಿ — ಈ ಶಬ್ದ ಹೇಳುವಾಗ ನನ್ನ ದನಿ ಗದ್ಗದಿತವಾಯಿತು. ನಟನೆಯಲ್ಲ, ನಿಜವಾಗಿಯೇ ಕಣ್ಣಲ್ಲಿ ನೀರು ಬಂತು. ಅಂಥ ಹೊತ್ತಿನಲ್ಲಿ ಮನಸ್ಸು ಎಂಥ ಆಟ ಆಡುತ್ತದೆ!

ಅವಳ ಕೆಲಸ ಹೋಯಿತು. ಶರಣಪ್ಪನವರು ಕೋಣೆ ಬಿಡಿಸಿದರು. ಒಂದು ಟ್ರಂಕು, ಒಂದು ಗ್ಯಾಸಿನ ಒಲೆ, ಸುತ್ತಿದ ಹಾಸಿಗೆ ಆಟೋದಲ್ಲಿ ಏರಿದವು. ಓಣಿಯ ಹೆಂಗಸರು ಗೇಟುಗಳಲ್ಲಿ ನಿಂತು ನೋಡಿದರು. ನಾನೂ ನಮ್ಮ ಗೇಟಿನಲ್ಲಿ ನಿಂತಿದ್ದೆ. ಆಟೋ ನಮ್ಮ ಮನೆ ದಾಟುವಾಗ ಅವಳು ತಲೆ ತಗ್ಗಿಸಲಿಲ್ಲ. ನಾನೇ ಗಿಡದ ಒಣಗಿದ ಎಲೆ ಕೀಳುವವಳಂತೆ ಬಗ್ಗಿದೆ.

ಇನ್ನು ರೇಣವ್ವ. ಅವಳ ಅತ್ತೆ ಕಮಲಾಪುರದ ಆಚೆಯ ಹಳ್ಳಿಯವಳು. ಸುದ್ದಿ ಕೇಳಿ ಬಂದಳು, ಸೊಸೆಯ ತಾಟು-ಲೋಟ ಬೇರೆ ಇಟ್ಟಳು. ಒಂದು ದಿನ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿದಳು. ‘ನಿನ್ನ ಮೈ ಹತ್ತಿದ್ರ ಕೂಸು ಸಾಯ್ತದ’ ಎಂದಳಂತೆ. ಗಂಡನೂ ತಾಯಿಯ ಹಿಂದೆ ಹೋದ. ಔಷಧ ತಿಂದು ತಿಂದು ರೇಣವ್ವ ವಾಂತಿ ಮಾಡಿಕೊಳ್ಳುತ್ತ, ಗೋಡೆ ಹಿಡಿದು ನಡೆಯುತ್ತ, ಆದರೂ ಗಾಡಿಯ ಹಿಂದೆ ಬರುತ್ತಿದ್ದಳು. ಕೊನೆಗೆ ಎಲ್ಲ ಪರೀಕ್ಷೆಗಳಲ್ಲೂ ಏನೂ ಇಲ್ಲವೆಂದು ಬಂತು. ಹಳ್ಳಿಯಲ್ಲಿ ಯಾರೂ ನಂಬಲಿಲ್ಲ. ದವಾಖಾನಿ ಕಾಗದಕ್ಕೇನು, ಓಣಿಯ ಕಲಿತ ಜನವೇ ಅವಳನ್ನು ಮುಟ್ಟುವುದಿಲ್ಲವಂತೆ ಎಂದರು. ಹೌದು, ನಾವು ಮುಟ್ಟುತ್ತಿರಲಿಲ್ಲ. ಹಾಲು ಅಷ್ಟರಲ್ಲಿ ಬತ್ತಿಹೋಗಿತ್ತು. ಮಗು ಅಜ್ಜಿಯನ್ನೇ ‘ಅವ್ವ’ ಎನ್ನಲು ಕಲಿಯಿತು.

ವೀಣಾಳ ಮದುವೆ ಬೀದರದ ಒಂದು ಮನೆತನದಲ್ಲಿ ನಿಶ್ಚಯವಾಯಿತು. ಮದುವೆಯ ದಿನ ಊಟಕ್ಕೆ ಮುಂಚೆ ಬೀಗಿತಿ ನನ್ನನ್ನು ಕೋಣೆಗೆ ಕರೆದು, ‘ಬಾಗಿಲ ಮುಂದ ತುಸು ನಿಂದರ್ರಿ ಅಕ್ಕಾರೆ’ ಎಂದವರೇ ಸೀರೆ ಸರಿಸಿ ಹೊಟ್ಟೆಗೆ ಸೂಜಿ ಹಾಕಿಕೊಂಡರು. ‘ನನಗ ಭಾಳ ದಿನದಿಂದ ಅದರಿ ಈ ಸಕ್ಕರಿ. ನಿಮಗ ಹೇಳಿದ್ದಿಲ್ಲೇನು?’ ಎಂದು ನಕ್ಕರು. ನಾನೂ ನಕ್ಕೆ. ಯಾವುದಕ್ಕಾಗಿ ಇಬ್ಬರು ಹೆಂಗಸರ ಬಾಳು ಹಾಳು ಮಾಡಿದೆನೋ ಅದು ಅಲ್ಲಿ ಒಂದು ನಗೆಯ ಮಾತಾಗಿತ್ತು. ಆ ದಿನವಾದರೂ ಹೇಳಬಹುದಿತ್ತು. ಹೇಳಲಿಲ್ಲ. ಇನ್ನು ಹೇಳಿ ಏನು ಬಂತು ಎಂದು — ಆ ಮಾತು ಎಷ್ಟು ಸಲೀಸಾಗಿ ಸಿಗುತ್ತದೆ!

ವರ್ಷಗಳು ಹೋದವು. ಹಾರಗಳು ಬಂದವು.

ಕಳೆದ ವರ್ಷ ವೀಣಾ ಬಾಣಂತನಕ್ಕೆಂದು ನಮ್ಮಲ್ಲಿಗೆ ಬಂದಳು. ಒಂದು ಬೆಳಗ್ಗೆ ಕಸದ ಗಾಡಿ ಬಂತು. ನಾನು ಬುಟ್ಟಿ ಹಿಡಿದು ಗೇಟಿಗೆ ಹೋದೆ. ಒಳಗೆ ಮೊಮ್ಮಗ ಒಂದೇ ಸಮನೆ ಅಳುತ್ತಿದ್ದ. ರೇಣವ್ವ ಬುಟ್ಟಿ ತೆಗೆದುಕೊಂಡವಳು ಸುರಿಯದೆ ಹಾಗೆಯೇ ನಿಂತಳು. ಮನೆಯ ಕಿಟಕಿಯ ಕಡೆ ನೋಡುತ್ತ, ಎಲ್ಲ ಹೆಂಗಸರೂ ಅನ್ನುವ ಹಾಗೆ, ‘ಹಾಲು ಕುಡಸಂತ ಹೇಳ್ರಿ ಅಕ್ಕೋರೆ. ಕೂಸಿಗಿ ಅಳಸಬಾರದ್ರಿ’ ಎಂದಳು. ಆಮೇಲೆ ಬುಟ್ಟಿ ಸುರಿದು ಕೊಟ್ಟು ಮುಂದಿನ ಮನೆಗೆ ನಡೆದಳು.

ನಾನು ಒಳಗೆ ಬಂದೆ. ವೀಣಾ ಮಗುವಿಗೆ ಹಾಲು ಕೊಡುತ್ತಿದ್ದಳು. ನೋಡಲಾಗಲಿಲ್ಲ. ಅಡುಗೆಮನೆಗೆ ಹೋಗಿ ನೆಲದ ಮೇಲೆ ಕುಳಿತೆ. ಅವತ್ತಿನಿಂದ ಮಗುವಿನ ಅಳು ಕೇಳಿದಾಗಲೆಲ್ಲ — ಸಾಕು, ನನ್ನ ಸಂಕಟದ ಲೆಕ್ಕ ಇಲ್ಲಿ ಯಾರಿಗೂ ಬೇಕಿಲ್ಲ.

ವೀಣಾ ಬೀದರಕ್ಕೆ ಮರಳಿದ ಮೇಲೆ ಒಂದು ದಿನ ಕಮಲಾಪುರಕ್ಕೆ ಹೋದೆ. ಕೇಳುತ್ತ ಕೇಳುತ್ತ ಸುವರ್ಣಾಳ ಮನೆ ಸಿಕ್ಕಿತು. ತಾಯಿ ತೀರಿಕೊಂಡಿದ್ದರು. ಅವಳು ಮುಂಬಾಗಿಲ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕುಬುಸ ಹೊಲಿಯುತ್ತಿದ್ದಳು. ಕಲಬುರಗಿಯಲ್ಲಿ ಯಾವ ಆಸ್ಪತ್ರೆಯೂ ಆಮೇಲೆ ಅವಳನ್ನು ತೆಗೆದುಕೊಂಡಿರಲಿಲ್ಲ. ಕೇಳಿದಲ್ಲೆಲ್ಲ ಸೂಜಿಯ ಕತೆ ಅವಳಿಗಿಂತ ಮೊದಲೇ ಹೋಗಿ ಕೂತಿತ್ತು. ನನ್ನನ್ನು ನೋಡಿ ಎದ್ದು ಕುರ್ಚಿ ಹಾಕಿದಳು, ನೀರು ಕೊಟ್ಟಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಹೇಳಿದೆ. ಆ ಸೂಜಿ ನನ್ನದು ಎಂದೆ. ನಿನ್ನ ಮೇಲೆ ಹಾಕಿದೆ ಎಂದೆ. ಕಣ್ಣೀರು ಹಾಕಿದೆ.

ಅವಳು ಸೂಜಿಗೆ ದಾರ ಪೋಣಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

‘ರೇಣವ್ವಗ ಹೇಳಿದಿರೇನ್ರಿ?’

‘ಇಲ್ಲ.’

‘ಮತ್ತ ನನ್ನ ಕಡಿ ಯಾಕ ಬಂದೀರಿ?’ ದನಿ ಏರಿರಲಿಲ್ಲ. ‘ನನಗ ಅವತ್ತೇ ಗೊತ್ತಿತ್ತಲ್ರಿ. ಗೊತ್ತಿದ್ದಾಕಿ ಮುಂದ ಬಂದು ಹೇಳಿದ್ರ ಅದೇನು ಹೇಳಿದಂಗ ಆಯ್ತೇನು? ಇಲ್ಲಿ ಅಳೋದು ಹಗುರ ಅದ, ಅದಕ್ಕ ಬಂದೀರಿ.’

ನಾನು ಅವಳ ಕಾಲಿಗೆ ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

‘ಅದು ಬ್ಯಾಡ್ರಿ. ನನ್ನ ಹೆಸರು ಎಲ್ಲಿ ಕೆಡಿಸೀರಿ, ಅಲ್ಲಿ ಹೋಗಿ ಹೇಳ್ರಿ. ಮೊದಲ ಆಕಿಗಿ ಹೇಳ್ರಿ. ನಾ ಮಾತು ಕೊಟ್ಟೆ ಅಂತ ಸುಮ್ಮ ಕುಂತೆ, ಅದು ನನ್ನ ತಪ್ಪು. ದಿನಾ ಅದನ್ನ ಉಣ್ಣಲಾಕತ್ತೀನಿ. ನಿಮ್ಮದು ನೀವು ಉಣ್ರಿ.’

ಅಷ್ಟು ಹೇಳಿ ಯಂತ್ರ ತುಳಿಯತೊಡಗಿದಳು. ನಾನು ಎದ್ದು ಬಂದೆ. ನನ್ನನ್ನು ಬೈಯುವಾಗ ಕೂಡ ಅವಳು ‘ರೀ’ ಬಿಟ್ಟಿರಲಿಲ್ಲ.

ಆಮೇಲಿನ ಶನಿವಾರ ಶೆಡ್ಡಿನಲ್ಲಿ ರೇಣವ್ವ ಒಬ್ಬಳೇ ಇದ್ದಳು. ಹಾಲಿನ ಪಾಕೀಟುಗಳನ್ನು ಬೇರೆ ಮಾಡುತ್ತಿದ್ದಳು. ಅವಳ ಎದುರು ನೆಲದ ಮೇಲೆ ಕೂತು ಹೇಳಿದೆ. ಈ ಸಲ ಜೋಡಿಸಿದ ಮಾತುಗಳಿರಲಿಲ್ಲ. ಸೂಜಿ ನನ್ನದು, ಸಕ್ಕರೆಯದು, ಸುವರ್ಣಾಳದಲ್ಲ — ಅಷ್ಟೇ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೈಯಲ್ಲಿದ್ದ ಪಾಕೀಟು ಕೆಳಗಿಟ್ಟಳು.

‘ಅಂದ್ರ, ನನಗ ಏನೂ ಆಗಂಗಿಲ್ಲ ಅಂತ ನಿಮಗ ಅವತ್ತೇ ಗೊತ್ತಿತ್ತೇನ್ರಿ?’

‘ಗೊತ್ತಿತ್ತು.’

‘ನಾ ವಾಂತಿ ಮಾಡ್ಕೋತ ನಿಮ್ಮ ಗೇಟಿಗಿ ಬರೋ ಮುಂದೂ ಗೊತ್ತಿತ್ತು?’

‘ಹೂಂ.’

ಅವಳು ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವಂತೆ, ಬಹಳ ಮೆಲ್ಲಗೆ, ‘ಕುಡಸಬಹುದಿತ್ತಲ್ಲ... ಕುಡಸಬಹುದಿತ್ತು’ ಎಂದಳು.

ಮುಖ ಎತ್ತಿದಳು. ‘ನಮ್ಮತ್ತಿ ಮುಂದ ಬಂದು ಹೇಳ್ರಿ. ನನ್ನ ಮಗಳ ಮುಂದ ಹೇಳ್ರಿ.’

ಹೋದೆವು. ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಕಮಲಾಪುರ ದಾಟಿ ಇಳಿದು, ಹಳ್ಳಿಯ ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ರೇಣವ್ವನ ಗಂಡ ಹೊಲಕ್ಕೆ ಹೋಗಿದ್ದ. ಮನೆಯ ಮುಂದೆ ಅತ್ತೆ ತೊಗರಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಸಾಲೆಯ ಬಟ್ಟೆ ತೊಟ್ಟ ಹುಡುಗಿ ಪಾಟಿಯ ಮೇಲೆ ಬರೆಯುತ್ತಿತ್ತು. ರೇಣವ್ವ ಹೊಸ್ತಿಲು ದಾಟಲಿಲ್ಲ. ಅಂಗಳದ ಅಂಚಿನಲ್ಲೇ ಕೂತಳು. ಅದು ಅವಳ ರೂಢಿಯ ಜಾಗವೆಂದು ನೋಡಿದರೇ ತಿಳಿಯುತ್ತಿತ್ತು.

ನಾನು ನಿಂತುಕೊಂಡೇ ಹೇಳಿದೆ. ಮುದುಕಿ ಮೊರ ಕೆಳಗಿಟ್ಟು ಕೇಳಿದಳು.

‘ಅಂದ್ರ ನನ್ನ ಸೊಸಿ ಮೈಯಾಗ ಏನೂ ಇದ್ದಿಲ್ಲ?’

‘ಇದ್ದಿಲ್ಲವ್ವ. ಯಾವತ್ತೂ ಇದ್ದಿಲ್ಲ.’

‘ಆಕಿ ಬಡಕೊಂಡಳು. ನಾ ನಂಬಲಿಲ್ಲ. ನೀವು ಕಲ್ತೋರು ದೂರ ಸರದೀರಿ ಅಂತ ಕೇಳಿ ನಾನೂ ಸರದೆ.’ ಮುದುಕಿಯ ದವಡೆ ಅಲುಗುತ್ತಿತ್ತು. ‘ನನ್ನ ಕೈಲೆ ಎಂಥಾ ಕೆಲಸ ಮಾಡಿಸಿದಿ ನೀ, ಹಾದರಗಿತ್ತಿ...’

ಆಮೇಲೆ ಹುಡುಗಿಯ ತೋಳು ಹಿಡಿದು ಎಬ್ಬಿಸಿ, ಅಂಗಳದ ಅಂಚಿನ ಕಡೆ ತಿರುಗಿಸಿದಳು. ‘ಭಾಗ್ಯಾ, ಹೋಗು. ಆಕಿ ನಿನ್ನವ್ವ. ಹೋಗಿ ತೊಡಿ ಮ್ಯಾಲ ಕೂಡು.’

ಹುಡುಗಿ ಕದಲಲಿಲ್ಲ. ಅಜ್ಜಿಯ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ರೇಣವ್ವನನ್ನು ನೋಡಿತು.

‘ಗೊತ್ತದ’ ಎಂದಿತು. ‘ಮುಟ್ಟಬಾರದಾಕಿ.’

ರೇಣವ್ವ ಸೆರಗಿನಿಂದ ಮುಖ ಒರೆಸಿಕೊಂಡು, ‘ಇರ್ಲಿ ಬಿಡತ್ತಿ, ಹೆದರ್ತದ ಕೂಸು’ ಎಂದಳು. ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದ ಪೇಡೆಯ ಪೊಟ್ಟಣವನ್ನು ಕಟ್ಟೆಯ ತುದಿಗಿಟ್ಟು ಎದ್ದಳು.

ಮರಳುವ ಬಸ್ಸಿನಲ್ಲಿ ನಾನು ಅವಳ ಹತ್ತಿರ ಕೂತುಕೊಳ್ಳಲು ಹೋದೆ. ಅವಳು ಎದ್ದು ಹಿಂದಿನ ಸೀಟಿಗೆ ಹೋದಳು.

ಇದನ್ನೆಲ್ಲ ಶರಣಪ್ಪನವರಿಗೆ ಹೇಳಿ, ಸಮಿತಿಯ ಸಭೆ ಕರೆಯಿರಿ ಎಂದೆ. ‘ಹಳೇದು ಯಾಕ ಕೆದರ್ತೀರಿ ಅಕ್ಕೋರೆ? ಆಗಿದ್ದು ಆಗಿ ಹೋಯ್ತು. ಇಷ್ಟು ದಿನದ ಕಮಿಟಿ ಹೆಸರು ಹಾಳಾಗ್ತದ. ಆಕಿಗಿ ಏನರೆ ಸಹಾಯ ಮಾಡೋಣಂತ, ಸುಮ್ಮ ಇರ್ರಿ’ ಎಂದರು. ವೀಣಾ ಫೋನಿನಲ್ಲಿ ಅತ್ತಳು, ತನ್ನ ಅತ್ತೆಮನೆಯವರು ಏನಂದಾರು ಎಂದಳು. ಅವರಿಬ್ಬರ ಮಾತೂ ನನಗೆ ಹೊಸದಲ್ಲ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದ ಮಾತುಗಳೇ ಅವು.

ಸಭೆ ಕರೆಯದಿದ್ದರೆ ಬೇಡ. ಬರುವ ಶನಿವಾರ ಬೆಳಗ್ಗೆ ಓಣಿಯವರೆಲ್ಲ ಒಣ ಕಸ ತರುವ ಹೊತ್ತಿಗೆ ಶೆಡ್ಡಿನ ಮುಂದೆ ನಿಂತು ಇದನ್ನು ಓದುತ್ತೇನೆ. ಮೊದಲು ಸುವರ್ಣಾಳ ಹೆಸರು ಹೇಳುತ್ತೇನೆ. ಅವಳನ್ನು ತೆಗೆದುಹಾಕಿದ ಆಸ್ಪತ್ರೆಗೂ ಹೋಗಿ, ಅಂದು ಕೂತ ಕುರ್ಚಿಯಲ್ಲಿ ಕೂರದೆ ನಿಂತು ಹೇಳುತ್ತೇನೆ. ಅದರಿಂದ ಅವಳ ವರ್ಷಗಳು ಮರಳುವುದಿಲ್ಲ. ಭಾಗ್ಯಾಳ ಮುಷ್ಟಿ ಸಡಿಲಾಗುವುದೂ ಇಲ್ಲ.

ರೇಣವ್ವನನ್ನೂ ಕರೆದೆ. ಗಾಡಿಯ ಹಿಂದೆ ನಡೆಯುತ್ತಿದ್ದವಳು ನಿಲ್ಲಲಿಲ್ಲ.

‘ನಾ ಬರಂಗಿಲ್ಲರಿ ಅಕ್ಕೋರೆ’ ಎಂದಳು. ‘ನಿಮ್ಮ ಮಾತು ಕೇಳಿ ಕೇಳಿ ನನಗ ಸಾಕಾಗ್ಯಾದ.’

ಅವಳು ಬರುವುದಿಲ್ಲ. ನಾನು ಓದುತ್ತೇನೆ.